ಮಜ್ಜಿಗೆಗೆ ಕಾದ ನೀರಗಂಟಿ

"ಗುರುಗಳೇ, ಅಂದು ಬಯ್ದು ಅಟ್ಟಿದ ಅಣ್ಣನೇ ಈಗ ಒಂದು ವರ್ಷದಿಂದ ಬಾ ಎನ್ನುತ್ತಿದ್ದಾನೆ. ಅತ್ತಿಗೆಯ ಕೈಯಡುಗೆ ನೆನೆದರೆ ಈಗಲೇ ಹೊರಡೋಣ ಅನ್ನಿಸುತ್ತದೆ. ಊರ ದಾರಿ ಹಿಡಿದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಏಕೆ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಪೇಟೆಯ ಡಾಕ್ಟರು ಅವನ ತೋಳಿಗೆ ಪಟ್ಟಿ ಬಿಗಿದು ನೋಡಿ, ರಕ್ತದೊತ್ತಡ ಏರಿದೆ ಎಂದಿದ್ದರು. ಭಯವಾದಾಗ ನರಗಳ ತುದಿಯಲ್ಲಿ ಒಂದು ರಸ ಒಸರಿ, ಎದೆಗೆ ಓಡು ಎನ್ನುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ಇನ್ನೊಂದು ರಸ ಬಂದು ಸಾಕು, ನಿಧಾನಿಸು ಎನ್ನಬೇಕು. ಹೀಗೆಂದು ಅವರು ಹೇಳಿದ್ದು ಮರುಳಸಿದ್ಧನ ತಲೆಗೆ ಹತ್ತಿರಲಿಲ್ಲ.

"ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಂದು ಕೋಟೆಯ ಊರು. ಅಲ್ಲಿ ಒಬ್ಬ ನೀರಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ಬುರುಜಿನ ಮೇಲಿದ್ದ ದಳವಾಯಿ ಶತ್ರುವಿನ ದಂಡನ್ನು ಕಂಡರೆ ಕೊಂಬಿನವನನ್ನು ಕೆರೆಗೆ ಓಡಿಸುತ್ತಿದ್ದ. ಕೊಂಬು ಕೇಳಿದೊಡನೆ ನೀರಗಂಟಿ ಗದ್ದೆಯ ತೂಬುಗಳನ್ನು ಮುಚ್ಚಿ ಕೋಟೆಯ ತೂಬನ್ನು ಪೂರಾ ತೆಗೆಯಬೇಕು. ನೀರು ಕಾಲುವೆ ತುಂಬಿ ಹರಿದು ಕಂದಕ ಸೇರುತ್ತಿತ್ತು. ಅಪಾಯ ಕಳೆದ ಮೇಲೆ ಇನ್ನೊಬ್ಬ ಆಳು ಅರಮನೆಯ ಮಜ್ಜಿಗೆಯ ಚೆಂಬು ಹಿಡಿದು ನಿಧಾನವಾಗಿ ನಡೆದು ಬರುತ್ತಿದ್ದ. ನೀರಗಂಟಿ ಆ ಮಜ್ಜಿಗೆ ಕುಡಿದು, ತೂಬು ಮುಚ್ಚಿ, ಮನೆಗೆ ಹೋಗುತ್ತಿದ್ದ. ಮಜ್ಜಿಗೆ ಕುಡಿಯದೆ ತೂಬು ಮುಚ್ಚಿದವನು ದ್ರೋಹಿ. ಮಜ್ಜಿಗೆ ಬರುವವರೆಗೆ ಕೆರೆಯ ಏರಿಯನ್ನು ಮನೆಯವರೂ ಹತ್ತುವಂತಿರಲಿಲ್ಲ.

ಒಂದು ಸಲ ದಂಡು ಬಂತು. ತುಂಬಿದ ಕಂದಕವನ್ನು ಕಂಡು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಊರವರು ಮತ್ತೆ ಸಂತೆ ನೆರೆಸಿದರು. ದಳವಾಯಿ ಕೊಂಬಿನವನಿಗೆ ಬೆಳ್ಳಿಯ ಕಡಗ ತೊಡಿಸಿದ. ಮಜ್ಜಿಗೆಯವನನ್ನು ಕುದುರೆಗೆ ಹುಲ್ಲು ಕೊಯ್ಯಲು ಕಳುಹಿಸಿದ. ಶತ್ರು ಹೋದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ, ಅದನ್ನೂ ಹೇಳಿ ಕಳುಹಿಸಬೇಕೇ ಎಂಬುದು ಅವನ ಎಣಿಕೆ. ಕಡಗದ ರುಚಿ ಕಂಡ ಕೊಂಬಿನವನೋ, ಸಂಜೆ ದನಗಳ ಧೂಳೆದ್ದರೂ ಓಡಿಬಂದು ಊದತೊಡಗಿದ.

ನೀರಗಂಟಿ ತೂಬಿನ ಬಳಿಯೇ ಉಳಿದ. ಏರಿಯ ಕೆಳಗೆ, ಕಾಲುವೆಯ ಪಕ್ಕದಲ್ಲಿ ಅವನ ಮನೆ ಕಾಣುತ್ತಿತ್ತು. ಹೆಂಡತಿ ಬುತ್ತಿಯನ್ನು ಏರಿಯ ಬುಡದಲ್ಲಿಟ್ಟು ಹೋಗುತ್ತಿದ್ದಳು. ಅವನು ಮನೆ ಬಿಟ್ಟಾಗ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಅವಳು ಅಂಗಳದಲ್ಲಿ ನಿಂತು ನಡೆಯುತ್ತಿದ್ದಳು. ಗೋಡೆ ಹಿಡಿದು ನಡೆಯುತ್ತಾಳೋ, ಕೈಬಿಟ್ಟು ನಡೆಯುತ್ತಾಳೋ, ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ. ಅದೊಂದನ್ನು ಹತ್ತಿರದಿಂದ ನೋಡಲು ಅವನ ಜೀವ ಹಂಬಲಿಸುತ್ತಿತ್ತು. ಮಜ್ಜಿಗೆ ಬರುವ ದಾರಿ ನೋಡಿ ನೋಡಿ ಕಣ್ಣು ಸೋತಿತ್ತು.

ಒಂದು ದಿನ ಹೆಂಡತಿ ಕೆಳಗಿನಿಂದ ಕೂಗಿದಳು. "ಏನೂಂದ್ರೆ, ದಂಡು ಹೋಗಿ ಯಾವ ಕಾಲ ಆಯ್ತು! ಕಾಲುವೆ ಕಟ್ಟೆ ಬಿರುಕು ಬಿಟ್ಟೈತೆ. ತೂಬು ಮುಚ್ಚಿ ಮನೆಗ್ ಬನ್ನಿ!"

"ಮಜ್ಜಿಗೆ ಬಂದಿಲ್ಲ ಕಣೇ! ಬಂದ ಗಳಿಗೇಲೇ ಬತ್ತೀನಿ!" ಎಂದ ಅವನು.

ದಂಡು ಹೋದದ್ದು ಅವನಿಗೂ ಗೊತ್ತಿತ್ತು. ಆದರೆ ಅವನ ಕೈ ಕೇಳುತ್ತಿದ್ದುದು ಕೊಂಬಿನ ಮಾತು, ಮಜ್ಜಿಗೆಯ ಮಾತು, ಅವೆರಡೇ.

ಆ ಸಂಜೆ ಕಾಲುವೆಯ ಕಟ್ಟೆ ಒಡೆಯಿತು. ನೀರು ಅವನ ಅಂಗಳಕ್ಕೆ ನುಗ್ಗಿತು. ಆಗ ನೀರಗಂಟಿ ಮಜ್ಜಿಗೆಯನ್ನು ಮರೆತ. ತೂಬು ಮುಚ್ಚಿ, ಏರಿ ಇಳಿದು, ಬಿದ್ದೆನೋ ಎದ್ದೆನೋ ಎಂದು ಓಡಿದ. ಮಣ್ಣಿನ ಮನೆ ಕುಸಿದು ಹೋಗಿತ್ತು. ಹೆಂಡತಿ, ಮಗಳು ದಿಬ್ಬದ ಮೇಲೆ ನಿಂತಿದ್ದರು. ಅವನು ಮಗಳತ್ತ ಕೈ ಚಾಚಿದ. ಅವಳಿಗೆ ಅವನ ಗುರುತು ಸಿಗಲಿಲ್ಲ. ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಡೆದು ಹೋಗಿ ತಾಯಿಯ ಸೆರಗಿನ ಹಿಂದೆ ಅಡಗಿದಳು.

ದಳವಾಯಿ ಕುದುರೆಯೇರಿ ಬಂದ. "ಯಾವ ಶತ್ರು ಬಂದಿದ್ದ?" ಎಂದು ಕೇಳಿದ.

"ಯಾರೂ ಬರ್ಲಿಲ್ಲ ಬುದ್ಧಿ" ಎಂದ ನೀರಗಂಟಿ. "ಮಜ್ಜಿಗೆಯೋನೂ ಬರ್ಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಕಣ್ಣೊರೆಸಿಕೊಂಡ. ಅವನಿಗೆ ಸಿಟ್ಟೂ ಬಂದಿತ್ತು.

"ಎಂಥ ದಳವಾಯಿ ಗುರುಗಳೇ ಅವನು! ಒಂದು ಚೆಂಬು ಮಜ್ಜಿಗೆ ಕಳುಹಿಸಿದ್ದರೆ ಆ ಬಡವ ಎಂದೋ ಮನೆ ಸೇರುತ್ತಿದ್ದ" ಎಂದ.

ಗುರುಗಳು ಅವನ ಎದೆಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ಅಣ್ಣ ಬಾ ಎಂದು ವರ್ಷವಾಯಿತು, ಇಲ್ಲಿಗೆ ಇನ್ನೂ ಮಜ್ಜಿಗೆ ಕಳುಹಿಸದ ದಳವಾಯಿ ಯಾರಪ್ಪ?"