ಏನೂ ಇಲ್ಲದ ಹಾಳೆ

“ಗುರುಗಳೇ, ಕಾಣದ್ದನ್ನು ಕಂಡೆ ಎಂದರೆ ತಪ್ಪೇ?” ಎಂದು ಶಿಷ್ಯನೊಬ್ಬ ಕೇಳಿದ.

“ಯಾರು ಹಾಗೆ ಅಂದರು?”

“ಯಾರೂ ಅಂದಿಲ್ಲ. ನಾನೇ ಅನ್ನಬೇಕೆಂದಿದ್ದೇನೆ. ಧ್ಯಾನಕ್ಕೆ ಕೂತಾಗ ಮಠದಲ್ಲಿ ಎಲ್ಲರಿಗೂ ಬೆಳಕು ಕಾಣುತ್ತದೆ. ನನಗೊಬ್ಬನಿಗೆ ಇಲ್ಲ. ‘ಇವತ್ತಾದರೂ ಹತ್ತಿತೇನೋ ನಿನ್ನ ದೀಪ?’ ಎಂದು ನಗುತ್ತಾರೆ. ಕಂಡೆ ಎಂದುಬಿಟ್ಟರೆ ನಾನೂ ಅವರಲ್ಲೊಬ್ಬನಾಗುತ್ತೇನೆ.”

ಗುರುಗಳು ಮಾತು ಖರ್ಚು ಮಾಡುವವರಲ್ಲ. ಕೂರು ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಬ್ಬ ಯುವಕನಿದ್ದ. ಅವನ ಮನೆ ರೈಲು ಹಳಿಯ ಪಕ್ಕದಲ್ಲಿತ್ತು. ನಡೆಯಲು ಕಲಿಯುವ ಮೊದಲೇ ಅವನು ರೈಲಿನ ಸದ್ದಿಗೆ ಹೊಸಿಲವರೆಗೆ ಅಂಬೆಗಾಲಿಟ್ಟು ಬರುತ್ತಿದ್ದನಂತೆ. ದೊಡ್ಡವನಾದ ಮೇಲೂ ಬೇರೆ ಆಸೆ ಹುಟ್ಟಲಿಲ್ಲ. ಎಂಜಿನ್ ಓಡಿಸಬೇಕು, ಅಷ್ಟೇ.

ಅವನ ಕಣ್ಣಿಗೆ ಒಂದು ಸಣ್ಣ ಕೊರತೆಯಿತ್ತು. ಕೆಂಪು, ಹಸಿರು ಕಾಣುತ್ತಲೇ ಇರಲಿಲ್ಲ ಎಂದಲ್ಲ. ಹತ್ತಿರದಲ್ಲಿ, ಒಳ್ಳೆಯ ಬಿಸಿಲಿನಲ್ಲಿ ಅವು ಬೇರೆ ಬೇರೆಯಾಗಿಯೇ ಇರುತ್ತಿದ್ದವು. ಬೆಳಕು ತಗ್ಗಿದರೆ, ದೂರವಾದರೆ, ಒಂದರೊಳಗೊಂದು ಸೇರಿಹೋಗುತ್ತಿದ್ದವು. ಟೊಮೆಟೊ ಹಣ್ಣಾಗಿದೆಯೇ ಎಂದು ಅವನು ಅಮುಕಿ ನೋಡುತ್ತಿದ್ದ. ಅಂಗಿ ಕೊಳ್ಳುವಾಗ ಅಂಗಡಿಯವನನ್ನೇ ಬಣ್ಣ ಕೇಳುತ್ತಿದ್ದ. “ಕಂದು ಅಂಗಿ ಹಾಕ್ಕೊಂಡು ಹಸಿರು ಅಂತೀಯಲ್ಲೋ, ಎಮ್ಮೆ!” ಎಂದು ಅಕ್ಕ ನಗುತ್ತಿದ್ದಳು. ಅವನೂ ನಗುತ್ತಿದ್ದ. ಗುಲ್‌ಮೊಹರ್ ಮರ ಹೂಬಿಟ್ಟಾಗ ಜೊತೆಯವರು ದಾರಿಯಲ್ಲಿ ಹಾಗೆಯೇ ನಿಂತುಬಿಡುತ್ತಿದ್ದರು. ಅವನೂ ನಿಲ್ಲುತ್ತಿದ್ದ. ಅವರು ಮರ ನೋಡುತ್ತಿದ್ದರು. ಅವನು ಅವರ ಮುಖ ನೋಡುತ್ತಿದ್ದ.

ಎಂಜಿನ್ ಕೆಲಸಕ್ಕೆ ಅರ್ಜಿ ಹಾಕಿದ. ಬರೆಯುವ ಪರೀಕ್ಷೆಯಲ್ಲಿ ಪಾಸಾದ. ಕಣ್ಣಿನ ಪರೀಕ್ಷೆ ಉಳಿಯಿತು.

ಅದಕ್ಕೊಂದು ಪುಸ್ತಕವಿದೆ. ಪ್ರತಿ ಹಾಳೆಯಲ್ಲೂ ಬಣ್ಣಬಣ್ಣದ ಚುಕ್ಕಿಗಳು. ಚುಕ್ಕಿಗಳ ನಡುವೆ ಬೇರೆ ಬಣ್ಣದ ಚುಕ್ಕಿಗಳಲ್ಲಿ ಒಂದು ಅಂಕಿ ಇರುತ್ತದೆ. ಕಣ್ಣು ನೆಟ್ಟಗಿದ್ದವನಿಗೆ ಅದು ಎದ್ದು ಕಾಣುತ್ತದೆ. ಇಲ್ಲದವನಿಗೆ ಬರೀ ಚುಕ್ಕಿ.

ಅವನಿಗೊಬ್ಬ ಗೆಳೆಯನಿದ್ದ. ಈ ಪರೀಕ್ಷೆ ಮುಗಿಸಿ ಆಗಲೇ ಕೆಲಸಕ್ಕೆ ಸೇರಿದ್ದವನು. ಯಾವ ಹಾಳೆಯ ನಂತರ ಯಾವ ಅಂಕಿ ಬರುತ್ತದೆಂದು ಅವನು ಸಾಲಾಗಿ ಬಾಯಿಪಾಠ ಮಾಡಿಸಿದ.

“ಕಡೆಗೊಂದು ಹಾಳೆ ಬರುತ್ತೆ. ಅದರಲ್ಲಿ ಏನೂ ಇರಲ್ಲ. ನೀನು ಗಾಬರಿಯಾಗಿ ಬಾಯಿಗೆ ಬಂದದ್ದು ಒದರಬೇಡ ಮಾರಾಯ. ‘ಏನೂ ಇಲ್ಲ’ ಅನ್ನು. ಎಂಜಿನ್ ನಿನ್ನದು.”

ಯುವಕ ಹೋಗಿ ವೈದ್ಯರ ಮುಂದೆ ಕೂತ. ವೈದ್ಯರು ಹಾಳೆ ತಿರುಗಿಸಿದರು. ಮೊದಲನೆಯದು ಯಾರಿಗಾದರೂ ಕಾಣುವಂಥದ್ದು, ಅವನಿಗೂ ಕಂಡಿತು. ಆಮೇಲೆ ಬರೀ ಚುಕ್ಕಿಗಳು. ಅವನು ಕಲಿತದ್ದನ್ನು ಒಪ್ಪಿಸುತ್ತಾ ಹೋದ. ಪ್ರತಿ ಸಲವೂ ಹಾಳೆಯ ಮೇಲೆ ಕಣ್ಣಾಡಿಸಿ ಹುಡುಕಿದ. ಇದೆ ಎಂದು ಬಾಯಿ ಹೇಳುತ್ತಿತ್ತು. ಎಲ್ಲಿ ಎಂದು ಕಣ್ಣು ಕೇಳುತ್ತಿತ್ತು.

ಆ ಕಡೆಯ ಹಾಳೆ ಬಂತು.

ಅದರಲ್ಲಿ ಐದು ಇತ್ತು.

ಅವನು ಹುಡುಕಲಿಲ್ಲ. ಅದೇ ಎದ್ದು ಬಂತು, ಜಾತ್ರೆಯಲ್ಲಿ ಕಳೆದುಹೋದವನಿಗೆ ಮನೆಯವರ ಮುಖ ಕಂಡ ಹಾಗೆ. ಏನೂ ಇಲ್ಲ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎಂಜಿನ್ ಹೊರಗೆ ನಿಂತು ಕಾಯುತ್ತಿರುವಂತೆ ಅವನಿಗೆ ಅನ್ನಿಸಿತು. ವೈದ್ಯರು ಹಾಳೆ ತಿರುಗಿಸಲು ಬೆರಳಿಟ್ಟರು.

“ಐದು” ಎಂದ.

ವೈದ್ಯರು ಬೆರಳು ತೆಗೆದರು. “ಇಷ್ಟೂ ಗಿಣಿಯ ಹಾಗೆ ಒಪ್ಪಿಸಿದೆ. ಇದೊಂದನ್ನು ಮರೆತೆಯೇನಪ್ಪಾ?”

“ಮರೆಯಲಿಲ್ಲ ಸಾರ್. ಕಂಡಿತು.”

“ನನಗೆ ಇದರಲ್ಲಿ ಏನೂ ಕಾಣುವುದಿಲ್ಲ. ಇದನ್ನು ನಿನ್ನಂಥ ಕಣ್ಣಿನವರಿಗೆಂದೇ ಮಾಡಿದ್ದು. ಅವರಿಗೆ ಮಾತ್ರ ಕಾಣುತ್ತದೆ.”

“ಹಾಗಾದರೆ ಐದು ಇರುವುದು ನಿಜವೇ ಸಾರ್?”

“ನಿಜ. ಆದರೆ ಎಂಜಿನ್ ನಿನ್ನ ಕೈಗೆ ಕೊಡುವುದಕ್ಕಾಗುವುದಿಲ್ಲ. ಹಿಂದಿನ ಡಬ್ಬಿಗಳಲ್ಲಿ ಜನ ಇರುತ್ತಾರೆ.”

ಅವನು ತಲೆಯಾಡಿಸಿದ. ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತ. “ಇನ್ನೊಂದು ಸಲ ನೋಡಲೇ ಸಾರ್?” ಎಂದ.

ವೈದ್ಯರು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು.

“ಏನೂ ಇಲ್ಲ ಅನ್ನೋಕೆ ನಿನಗೇನು ಬಂದಿತ್ತೋ ರೋಗ?” ಎಂದು ಗೆಳೆಯ ಬೈದ. ಯುವಕ ಒಂದು ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಸೇರಿದ. ಮದುವೆಯಾಯಿತು, ಮಕ್ಕಳಾದವು. ಗಿರಣಿಯ ಗದ್ದಲದಲ್ಲಿ ಬೇರೆ ಯಾರಿಗೂ ರೈಲು ಕೇಳಿಸುತ್ತಿರಲಿಲ್ಲ. ಅವನಿಗೆ ಕೇಳಿಸುತ್ತಿತ್ತು. ಮೈತುಂಬ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದು, ಅದು ತಿರುವು ದಾಟುವವರೆಗೂ ನೋಡುತ್ತಿದ್ದ. ಮುದುಕನಾದ ಮೇಲೂ ನೋಡುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಬಾಡಿತ್ತು. “ನಿಜ ಹೇಳಿ ಅವನಿಗೆ ಏನು ಸಿಕ್ಕಿತು ಗುರುಗಳೇ? ಎಂಜಿನ್ ಹೋಯಿತು. ಆಸೆಯೂ ಹೋಗಲಿಲ್ಲ.”

“ಹೋಗಲಿಲ್ಲ” ಎಂದರು ಗುರುಗಳು. ಶಿಷ್ಯನನ್ನೇ ನೋಡುತ್ತಾ ಹೇಳಿದರು:

“ಬೆಳಕು ಕಾಣಲಿಲ್ಲ ಎಂದೆ, ನಿನಗೆ ಕಂಡದ್ದೇನೆಂದು ಮಾತ್ರ ನೀನು ಈವರೆಗೂ ಹೇಳಿಲ್ಲ.”