ಪಾರಿವಾಳ ಕಂಡ ಭಕ್ತಿ

ಹಳೆಯ ಗುಡಿಯ ಗೋಪುರದಲ್ಲಿ ಪಾರಿವಾಳಗಳ ಹಿಂಡೊಂದು ವಾಸವಾಗಿತ್ತು. ಭಕ್ತರು ಅಂಗಳದಲ್ಲಿ ಎರಚುವ ಅಕ್ಕಿಯಿಂದಲೇ ಅವುಗಳ ಹೊಟ್ಟೆ ತುಂಬುತ್ತಿತ್ತು. ಬರಬರುತ್ತಾ ಗುಡಿಗೆ ಬರುವವರು ಕಡಿಮೆಯಾದರು. "ಜನರಲ್ಲಿ ಭಕ್ತಿಯೇ ಬತ್ತಿಹೋಯಿತು," ಎಂದು ಹಿಂಡಿನ ಹಿರಿಯ ಪಾರಿವಾಳ ತೀರ್ಪು ಕೊಟ್ಟಿತು. ಒಂದು ಹೆಣ್ಣು ಪಾರಿವಾಳಕ್ಕೆ ಮಾತ್ರ ಆ ಮಾತು ಒಪ್ಪಿಗೆಯಾಗಲಿಲ್ಲ. ಕೂತಲ್ಲಿ ಕೂರಲಾಗದೆ ಅದು ಊರೆಲ್ಲ ಹಾರಾಡಿ, ಕೊನೆಗೆ ಆಸ್ಪತ್ರೆಯೊಂದರ ಕಿಟಕಿಯ ಮೇಲೆ ಬಂದು ಕೂತಿತು.

ಅಲ್ಲಿ ಗೂಡು ಕಟ್ಟಿದ್ದ ಗುಬ್ಬಿ ಕೇಳಿತು: "ಏನು ಹುಡುಕುತ್ತಿದ್ದೀಯ, ಅಕ್ಕ?"

"ಭಕ್ತಿ ಎಲ್ಲಾದರೂ ಉಳಿದಿದೆಯೇ ಎಂದು ನೋಡುತ್ತಿದ್ದೇನೆ."

"ಹಾಗಾದರೆ ಒಳಗೆ ನೋಡು."

ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲ ಮುಂದೆ ಮುದುಕನೊಬ್ಬ ಕೈಮುಗಿದು ನಿಂತಿದ್ದ. ಗುರುತುಪರಿಚಯವಿಲ್ಲದ ಹೆಂಗಸೊಬ್ಬಳು ಅವನಿಗೆ, "ನಿಮ್ಮ ಮಗಳಿಗೂ ಸೇರಿಸಿ ಬೇಡಿಕೊಂಡಿದ್ದೇನೆ, ಸ್ವಲ್ಪ ಕೂತುಕೊಳ್ಳಿ," ಎಂದಳು.

"ಇಲ್ಲಿ ವಿಗ್ರಹವಿಲ್ಲ, ಗಂಟೆಯಿಲ್ಲ," ಎಂದಿತು ಪಾರಿವಾಳ. "ಇದನ್ನು ಭಕ್ತಿ ಎನ್ನಬಹುದೇ?"

"ಹೆಸರು ನನಗೆ ತಿಳಿಯದು. ಆ ಬಾಗಿಲು ತೆರೆಯುವವರೆಗೆ ಇವರು ಮನಸ್ಸಿನಲ್ಲಿ ಯಾರೊಂದಿಗೆ ಮಾತಾಡುತ್ತಾರೆ, ನೀನೇ ಹೇಳು."

ಪಾರಿವಾಳ ಗೋಪುರಕ್ಕೆ ಹಿಂದಿರುಗಿ, ಕಂಡದ್ದನ್ನೆಲ್ಲ ಹಿಂಡಿಗೆ ತಿಳಿಸಿತು.

"ಅಲ್ಲಿ ಅಕ್ಕಿ ಎರಚುತ್ತಾರೆಯೇ?" ಎಂದಿತು ಹಿರಿಯ ಪಾರಿವಾಳ.

"ಇಲ್ಲ."

"ಮತ್ತೆ ಭಕ್ತಿ ಎಲ್ಲಿ ಬಂತು?"

ಹಿಂಡೆಲ್ಲ ಹೌದೆಂದು ತಲೆದೂಗಿತು. ಹೆಣ್ಣು ಪಾರಿವಾಳ ಮಾತ್ರ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾರುತ್ತಲೇ ಇತ್ತು. ತಾನು ಹುಟ್ಟಿ ಬೆಳೆದ ಆ ಗೋಪುರದಲ್ಲಿ ಅಂದು ಅದಕ್ಕೆ ಕೂರಲು ಜಾಗ ಸಿಗಲಿಲ್ಲ.