ಗಟ್ಟಿಮೇಳದ ಹೊತ್ತಿನ ಪರೀಕ್ಷೆ

ಬಸ್ ಸ್ಟ್ಯಾಂಡಿನ ಎದುರು ಬೇಕರಿ ಇಟ್ಟುಕೊಂಡಿದ್ದ ಜಲಜಾಕ್ಷಿಗೆ ಒಬ್ಬನೇ ಮಗ. ಹೆಸರು ಚಿರಂತ. ಐದನೇ ಕ್ಲಾಸಿನಲ್ಲಿ ಓದುತ್ತಿದ್ದ. ಲೆಕ್ಕ ಅಂದರೆ ಅವನಿಗೆ ಆಟ. ಬೇಕರಿಯ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವ ಬಸ್ಸುಗಳ ನಂಬರನ್ನೆಲ್ಲ ಕೂಡಿಸಿ, ಕಳೆದು, ತನ್ನಷ್ಟಕ್ಕೆ ತಾನೇ ನಗುತ್ತಿದ್ದ.

ಅವನ ಶಾಲೆಯಲ್ಲಿ ಆರನೇ ಕ್ಲಾಸಿನಿಂದ ‘ಪ್ರತಿಭಾ ತರಗತಿ’ ಅಂತ ಒಂದಿತ್ತು. ವರ್ಷವರ್ಷವೂ ಪರೀಕ್ಷೆ ಮಾಡಿ ಚುರುಕು ಮಕ್ಕಳನ್ನು ಆರಿಸಿ, ಬೇರೆ ಕೂರಿಸಿ, ಮೇಲಿನ ಕ್ಲಾಸಿನ ಪಾಠಗಳನ್ನು ಆಗಲೇ ಕಲಿಸುತ್ತಿದ್ದರು. ಆ ತರಗತಿಗೆ ಸೇರಿದ ಮಗುವಿನ ದಾರಿ ಸುಲಭವಾಯಿತು ಅಂತಲೇ ಊರಿನವರ ಲೆಕ್ಕ. ಚಿರಂತ ಸೇರೇ ಸೇರುತ್ತಾನೆ ಅಂತ ಜಲಜಾಕ್ಷಿ ನಂಬಿದ್ದಳು. ಗಿರಾಕಿಗಳ ಹತ್ತಿರ ಹೇಳಿಕೊಂಡೂ ಇದ್ದಳು.

ಪರೀಕ್ಷೆ ಮುಗಿಯಿತು. ಆಯ್ಕೆಯಾದವರ ಹೆಸರು ನೋಟಿಸ್ ಬೋರ್ಡಿಗೆ ಬಂತು. ಜಲಜಾಕ್ಷಿ ಮೇಲಿಂದ ಕೆಳಕ್ಕೆ ಓದಿದಳು, ಕೆಳಗಿಂದ ಮೇಲಕ್ಕೆ ಓದಿದಳು. ಚಿರಂತನ ಹೆಸರಿರಲಿಲ್ಲ.

ಮನೆಗೆ ಬಂದು ಮಗನನ್ನು ಎದುರಿಗೆ ನಿಲ್ಲಿಸಿಕೊಂಡಳು.

“ಏನಾಯ್ತೋ?”

“ಕೇಳಿಸ್ಲೇ ಇಲ್ಲಮ್ಮ,” ಅಂದ ಚಿರಂತ.

ಆ ಪರೀಕ್ಷೆಯಲ್ಲಿ ಅರ್ಧ ಭಾಗ ಕೇಳಿಸಿಕೊಂಡು ಬರೆಯುವುದು. ಮೇಷ್ಟ್ರು ಕಥೆಯಂಥ ಲೆಕ್ಕಗಳನ್ನು ಗಟ್ಟಿಯಾಗಿ ಓದುತ್ತಾರೆ. ಒಂದೇ ಸಲ. ಎರಡನೇ ಸಲ ಓದುವಂತಿಲ್ಲ, ಅದು ನಿಯಮ. ಚಿರಂತ ಕೂತಿದ್ದದ್ದು ಶಾಲೆಯ ಹಿಂದಿನ ಕೊಠಡಿಯಲ್ಲಿ. ಅದರ ಗೋಡೆಗೆ ಅಂಟಿಕೊಂಡಂತೆ ಕಲ್ಯಾಣ ಮಂಟಪ. ಇಲ್ಲಿ ಮೇಷ್ಟ್ರು ಓದಲು ಬಾಯಿ ತೆರೆಯುವುದಕ್ಕೂ ಅಲ್ಲಿ ಮದುಮಗ ತಾಳಿ ಕಟ್ಟುವುದಕ್ಕೂ ಸರಿಹೋಯಿತು. ಗಟ್ಟಿಮೇಳ ಶುರುವಾಯಿತು. ಡೋಲು, ನಾಗಸ್ವರ, ಜನರ ಗದ್ದಲ, ಓದು ಮುಗಿಯುವವರೆಗೂ ನಿಲ್ಲಲಿಲ್ಲ. ಮೇಷ್ಟ್ರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಮುಂದಿನ ಕೊಠಡಿಗಳಲ್ಲಿ ಕೂತ ಮಕ್ಕಳಿಗೆ ಇದರಿಂದ ತೊಂದರೆ ಆಗಲಿಲ್ಲ.

ಜಲಜಾಕ್ಷಿ ಮತ್ತೆ ನೋಟಿಸ್ ಬೋರ್ಡಿನ ಮುಂದೆ ಹೋಗಿ ನಿಂತಳು. ಆಯ್ಕೆಯ ಬಗ್ಗೆ ತಕರಾರಿದ್ದರೆ ಮೇಲ್ಮನವಿ ಕೊಡಬಹುದು ಅಂತ ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅವಳು ಅವತ್ತೇ ಬರೆದುಕೊಟ್ಟಳು.

ಹೆಡ್‌ಮಾಸ್ಟರ್ ಶ್ರೀಕಂಠಯ್ಯ ಕೆಟ್ಟವರಲ್ಲ. ಆದರೆ ಜಗಳ ಅಂದರೆ ಅವರಿಗೆ ಆಗದು. ಮನವಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

“ನೋಡೀಮ್ಮ, ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಗಟ್ಟಿಮೇಳ ನನ್ನ ರೂಮಿಗೇ ಕೇಳಿಸಿತ್ತು. ಮುಹೂರ್ತ ಇರೋ ದಿನ ಆ ಕೊಠಡಿ ಬೇಡ ಅಂತ ಮೇಷ್ಟ್ರೊಬ್ರು ಹೇಳೂ ಇದ್ರು. ನಾನೇ ಗಮನ ಕೊಡಲಿಲ್ಲ.”

“ಹಾಗಾದ್ರೆ ಮತ್ತೆ ಪರೀಕ್ಷೆ ಮಾಡಿ ಸಾರ್.”

“ಇಡೀ ಕೊಠಡಿಗೆ ಮತ್ತೆ ಮಾಡಿದ್ರೆ ಊರೆಲ್ಲ ಗಲಾಟೆ. ಆಡಳಿತ ಮಂಡಳಿಯವರು ನನ್ನನ್ನ ಸುಮ್ನೆ ಬಿಡ್ತಾರಾ?” ಅವರು ದನಿ ತಗ್ಗಿಸಿದರು. “ಒಂದು ಮಾತು ಹೇಳ್ತೀನಿ. ಆಯ್ಕೆಯಾಗಿದ್ದ ಒಬ್ಬ ಹುಡುಗನ ತಂದೆಗೆ ವರ್ಗ ಆಗಿದೆ. ಒಂದು ಸೀಟು ಖಾಲಿ ಬಿದ್ದಿದೆ. ಸೋಮವಾರ ಬೆಳಿಗ್ಗೆ ಮಗನ್ನ ಕರ್ಕೊಂಡು ಬನ್ನಿ. ನನ್ನ ರೂಮಲ್ಲೇ ಕೂರಿಸಿ ಓದಿ ಹೇಳ್ತೀನಿ, ಬರೀಲಿ. ಚೆನ್ನಾಗಿ ಬರೆದ್ರೆ ಆ ಸೀಟು ಅವನದೇ. ಆದರೆ ನೀವು ಮೇಲ್ಮನವಿ ವಾಪಸ್ ತಗೋಬೇಕು. ಗಟ್ಟಿಮೇಳದ ಮಾತು ಯಾರ ಹತ್ರಾನೂ ಎತ್ತಬಾರದು.”

ಜಲಜಾಕ್ಷಿಗೆ ಎದೆ ಹಗುರವಾಯಿತು. ಹೂಂ ಅಂದು ಕೈ ಮುಗಿದು ಎದ್ದು ಬಂದಳು.

ದಾರಿಯಲ್ಲಿ ಆ ಕೊಠಡಿಯಲ್ಲಿದ್ದ ಉಳಿದ ಮಕ್ಕಳ ನೆನಪಾಯಿತು. ಮುಖ ಗೊತ್ತಿಲ್ಲದ ಮಕ್ಕಳು. ರಾತ್ರಿ ಊಟದ ಹೊತ್ತಿಗೆ ಗಂಡ ಯೋಗಾನಂದನ ಹತ್ತಿರ ಹೇಳಿದಳು.

“ನಿನಗ್ಯಾಕೆ ಬೇಕು?” ಅಂದ ಅವನು. “ಅವರವರ ಮಕ್ಕಳಿಗೆ ಅವರವರ ಅಪ್ಪ ಅಮ್ಮ ಇದಾರೆ. ನೀನು ಓಡಾಡಿದೆ, ನಿನಗೆ ಸಿಕ್ತು. ಅವರಿಗೆ ಬೇಕಿದ್ರೆ ಅವರೂ ಓಡಾಡ್ತಿದ್ರು.”

ಅದೂ ಸರಿ ಅನ್ನಿಸಿತು ಅವಳಿಗೆ. ಅನ್ನಿಸಲಿ ಅಂತ ಅವಳಿಗೂ ಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಮಗನ ತಲೆ ಬಾಚಿ, ಕೈ ಹಿಡಿದುಕೊಂಡು ಹೊರಟಳು. ಶಾಲೆಯ ಗೇಟಿನ ಹತ್ತಿರ ಗಿರಿಯಪ್ಪ ಎದುರಾದರು. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಬೇಕರಿಗೆ ದಿನಾ ಸಂಜೆ ಬಂದು ಖಾರಾ ಬನ್ನು ತಿಂದು ಹೋಗುತ್ತಿದ್ದವರು, ಈಚೆಗೆ ಬಂದಿರಲಿಲ್ಲ. ಪಕ್ಕದಲ್ಲಿ ಮೊಮ್ಮಗಳು ಸಿಂಚನ. ತಲೆ ತಗ್ಗಿಸಿ ನಿಂತಿದ್ದಳು.

“ಏನ್ ಗಿರಿಯಪ್ಪನೋರೆ, ಶಾಲೆ ಕಡೆ?”

“ಇವಳ ಟಿ.ಸಿ. ಈಸ್ಕೊಳ್ಳೋಕೆ ಬಂದೆ ಕಣಮ್ಮ. ಬೇರೆ ಶಾಲೆಗೆ ಹಾಕ್ತೀನಿ.”

“ಯಾಕೆ? ಚೆನ್ನಾಗಿ ಓದೋ ಹುಡುಗಿ!”

ಗಿರಿಯಪ್ಪ ಕಹಿಯಾಗಿ ನಕ್ಕರು. “ಓದೋದು ಹಾಳಾಗಿ ಹೋಗ್ಲಿ, ಸುಳ್ಳು ಕಲಿತವಳೆ. ಪರೀಕ್ಷೇಲಿ ಯಾಕೆ ಬರೀಲಿಲ್ಲ ಅಂದ್ರೆ ಕೇಳಿಸ್ಲಿಲ್ಲ ಅಂತಾಳೆ. ಅಷ್ಟು ಕೇಳಿದ್ದೇ ಕಿವಿಗೇನೋ ಆಗಿದೆ ಅಂತ ನಂಗೆ ಜೀವ ಹಾರಿಹೋಯ್ತು. ದೊಡ್ಡಾಸ್ಪತ್ರೆಗೆ ಕರ್ಕೊಂಡೋದೆ. ಡಾಕ್ಟ್ರು ಎಲ್ಲಾ ನೋಡಿ, ಕಿವಿ ಚೆನ್ನಾಗೇ ಇದೆ ಅಂದ್ರು. ಹಾಗಾದ್ರೆ ಏನು ಅರ್ಥ? ಸುಳ್ಳು ತಾನೇ? ಅವತ್ತಿಂದ ನಾವ್ಯಾರೂ ಮಾತಾಡಿಸ್ತಿಲ್ಲ. ಈಗ ಅವಳೂ ಬಾಯಿ ಬಿಡೋದು ನಿಲ್ಲಿಸವಳೆ. ಅಷ್ಟು ಹಟ!”

ಸಿಂಚನಳೂ ಆ ಹಿಂದಿನ ಕೊಠಡಿಯಲ್ಲೇ ಕೂತಿದ್ದಳು ಅಂತ ಜಲಜಾಕ್ಷಿಗೆ ಹೊಳೆಯಿತು.

ಸಿಂಚನ ತಲೆ ಎತ್ತಿ ಅವಳನ್ನು ನೋಡಿದಳು. ಏನನ್ನೂ ಕೇಳುವ ನೋಟವಲ್ಲ ಅದು. ಕೇಳಿ ಪ್ರಯೋಜನವಿಲ್ಲ ಅಂತ ಗೊತ್ತಾದ ಮಗುವಿನ ನೋಟ.

ಒಳಗಿನಿಂದ ಜವಾನ ಬಂದು, “ಹೆಡ್‌ಮಾಸ್ಟ್ರು ಕರೀತವ್ರೆ, ಬೇಗ ಬರಬೇಕಂತೆ,” ಅಂದ. ಚಿರಂತ ಅಮ್ಮನ ಕೈ ಜಗ್ಗಿದ. ಒಂದು ಮಾತು ಆಡಿದರೆ ಮಗನ ಸೀಟು ಹೋಗುತ್ತದೆ. ಆಡದಿದ್ದರೆ ಈ ಹುಡುಗಿ ಬದುಕಿಡೀ ಸುಳ್ಳಿಯಾಗಿ ಉಳಿಯುತ್ತಾಳೆ. ಅವಳು ಎರಡು ಹೆಜ್ಜೆ ಒಳಗೆ ಇಟ್ಟಳು. ಮೂರನೆಯದು ಇಡಲಾಗಲಿಲ್ಲ.

ತಿರುಗಿ ನಿಂತಳು.

“ಗಿರಿಯಪ್ಪನೋರೆ, ಮಗು ಸುಳ್ಳು ಹೇಳಿಲ್ಲ. ಆ ಹಿಂದಿನ ಕೊಠಡೀಲಿ ಯಾವ ಮಗುಗೂ ಕೇಳಿಸಿಲ್ಲ. ಮಂಟಪದಲ್ಲಿ ಗಟ್ಟಿಮೇಳ ಆಗ್ತಿತ್ತು. ನನ್ನ ಮಗನೂ ಅಲ್ಲೇ ಇದ್ದ. ಹೆಡ್‌ಮಾಸ್ಟರಿಗೂ ಗೊತ್ತು.”

ಗಿರಿಯಪ್ಪ ಮೊದಲು ಅವಳನ್ನು ನೋಡಿದರು. ಆಮೇಲೆ ಮೊಮ್ಮಗಳನ್ನು.

ನಾಲ್ಕೂ ಜನ ಒಟ್ಟಿಗೆ ಹೆಡ್‌ಮಾಸ್ಟರ ರೂಮಿಗೆ ಹೋದರು. ಮೇಜಿನ ಮೇಲೆ ಮೇಲ್ಮನವಿ ವಾಪಸ್ ಪಡೆಯುವ ಅರ್ಜಿ ಸಿದ್ಧವಾಗಿತ್ತು, ಪಕ್ಕದಲ್ಲಿ ಪೆನ್ನು. ಗಿರಿಯಪ್ಪನವರನ್ನು ಕಂಡದ್ದೇ ಶ್ರೀಕಂಠಯ್ಯನವರ ಮುಖ ಬಿಳಿಚಿತು.

“ಇದೇನಮ್ಮ ನೀವು ಮಾಡಿದ್ದು?”

“ನಾನು ಸಹಿ ಮಾಡಲ್ಲ ಸಾರ್. ಆ ಕೊಠಡೀಲಿದ್ದ ಎಲ್ಲಾ ಮಕ್ಕಳಿಗೂ ಮತ್ತೆ ಪರೀಕ್ಷೆ ಆಗ್ಲಿ.”

“ಇರೋದು ಒಂದೇ ಸೀಟು! ಎಲ್ಲರೂ ಬರೆದ್ರೆ ನಿಮ್ಮ ಮಗನಿಗೆ ಸಿಗುತ್ತೆ ಅಂತ ಏನು ಗ್ಯಾರಂಟಿ? ಸಹಿ ಮಾಡದಿದ್ರೆ ಇದು ಮಂಡಳಿ ಮುಂದೆ ಹೋಗುತ್ತೆ. ಅವರು ತಳ್ಳಿಹಾಕಿದ್ರೆ ಇದೂ ಇಲ್ಲ, ಅದೂ ಇಲ್ಲ. ಯೋಚನೆ ಮಾಡಿ.”

ಜಲಜಾಕ್ಷಿ ಮಗನ ಮುಖ ನೋಡಲಿಲ್ಲ. ನೋಡಿದರೆ ಮನಸ್ಸು ಸಡಿಲವಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

“ಹೋಗ್ಲಿ ಸಾರ್,” ಅಂದಳು.

ಅವತ್ತು ಮನೆಯಲ್ಲಿ ಯೋಗಾನಂದ ಕೂಗಾಡಿದ. ಕೈಗೆ ಬಂದದ್ದನ್ನು ಬೀದಿಗೆ ಎಸೆದು ಬಂದೆಯಲ್ಲ ಅಂದ. ಮಾಡಿದ್ದು ತಪ್ಪೇನೋ ಅನ್ನುವ ಅಳುಕು ಅವಳಿಗೂ ಇತ್ತು.

ಮಂಡಳಿಯ ಸಭೆ ಸೇರಿತು. ಜಲಜಾಕ್ಷಿ, ಗಿರಿಯಪ್ಪ, ಇಬ್ಬರು ಮಕ್ಕಳು ಎಲ್ಲರನ್ನೂ ಕರೆಸಿದ್ದರು. ಅಧ್ಯಕ್ಷರು ವಯಸ್ಸಾದವರು, ಮಾತು ಕಡಿಮೆ. ಸದಸ್ಯರೊಬ್ಬರು ಮಾತ್ರ ಮೊದಲೇ ಸಿಡುಕಿದರು. “ಆಯ್ಕೆ ಆಗದ ಮಕ್ಕಳೆಲ್ಲ ಏನಾದ್ರೂ ಒಂದು ನೆಪ ಹೇಳ್ತಾವೆ. ಗಟ್ಟಿಮೇಳ ಎಷ್ಟು ಹೊತ್ತು ಇರುತ್ತೆ? ಸ್ವಲ್ಪ ಗಮನ ಇಟ್ಟಿದ್ರೆ ಕೇಳಿಸ್ತಿತ್ತು.”

“ಮಕ್ಕಳನ್ನೇ ಕೇಳೋಣ,” ಅಂದರು ಅಧ್ಯಕ್ಷರು. ಸಿಂಚನಳ ಕಡೆ ತಿರುಗಿದರು. “ನಿನಗೆ ಏನು ಕೇಳಿಸ್ತು, ಹೇಳು ಮಗಳೆ.”

ಸಿಂಚನ ಬಾಯಿ ಬಿಡಲಿಲ್ಲ. ಸದಸ್ಯರು, “ನೋಡಿದ್ರಾ?” ಅಂದರು. ಮೇಲ್ಮನವಿ ಕೊಟ್ಟವಳ ಮಗನ ಮಾತಿಗೆ ಇಲ್ಲಿ ಬೆಲೆಯಿಲ್ಲ ಅಂತ ಜಲಜಾಕ್ಷಿಗೆ ಗೊತ್ತಿತ್ತು. ಹುಡುಗಿ ಹೀಗೇ ನಿಂತರೆ ಎಲ್ಲವೂ ಇಲ್ಲಿಗೇ ಮುಗಿಯಿತು.

ಆಗ ಗಿರಿಯಪ್ಪ ಎದ್ದರು. ಸಭೆಯ ಕಡೆ ನೋಡಲಿಲ್ಲ. ಮೊಮ್ಮಗಳ ಮುಂದೆ ಹೋಗಿ, ನೋಯುವ ಮಂಡಿಯೂರಿ, ಅವಳ ಎತ್ತರಕ್ಕೆ ಕೂತರು.

“ತಪ್ಪಾಯ್ತು ಕಣವ್ವ. ನೀನು ನಿಜ ಹೇಳಿದ್ದೆ. ನಾನು ನಂಬಲಿಲ್ಲ. ಈಗ ಹೇಳು. ಯಾರು ನಂಬದಿದ್ರೂ ನಾನು ನಂಬ್ತೀನಿ.”

ಹುಡುಗಿ ತಾತನ ಮುಖ ನೋಡಿದಳು. ಸಣ್ಣ ದನಿಯಲ್ಲಿ ಹೇಳಿದಳು.

“‘ಒಬ್ಬ ಹೂವಾಡಗಿತ್ತಿಯ ಬುಟ್ಟಿಯಲ್ಲಿ’ ಅಂತ ಓದಿದ್ರು. ಆಮೇಲೆ ಡೋಲು. ಆಮೇಲೆ ‘ಹಾಗಾದರೆ ಉಳಿದದ್ದೆಷ್ಟು?’ ಅಂದ್ರು. ಎಷ್ಟಿತ್ತು ಅಂತ ಗೊತ್ತಿಲ್ಲದೆ ಎಷ್ಟು ಉಳೀತು ಅಂತ ಹೇಗೆ ಬರೀಲಿ?”

ಸಿಡುಕುತ್ತಿದ್ದ ಸದಸ್ಯರು ನಗಲು ಹೋಗಿ ತಲೆ ತಗ್ಗಿಸಿದರು. ಕೊನೆಗೆ ಶ್ರೀಕಂಠಯ್ಯನವರೇ ಎದ್ದು ನಿಂತರು.

“ಮಗು ಹೇಳಿದ್ದು ನಿಜ. ನನಗೂ ಕೇಳಿಸಿತ್ತು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ.”

ಆ ಕೊಠಡಿಯ ಎಲ್ಲ ಮಕ್ಕಳಿಗೂ ಮತ್ತೆ ಪರೀಕ್ಷೆ ಮಾಡಬೇಕು ಅಂತ ಅಧ್ಯಕ್ಷರು ತೀರ್ಮಾನಿಸಿದರು. ಮನೆಮನೆಗೆ ಹೇಳಿ ಕಳಿಸಿದರು. ಈ ಸಲ ಮುಂದಿನ ಕೊಠಡಿ. ಶ್ರೀಕಂಠಯ್ಯನವರೇ ನಿಂತು, ಬಿಡಿಸಿ ಬಿಡಿಸಿ ಓದಿದರು. ಹೊರಗೆ ಮರದ ಕೆಳಗೆ ನಿಂತ ಅಪ್ಪ ಅಮ್ಮಂದಿರು ಕೆಮ್ಮು ಬಂದರೂ ತಡೆದುಕೊಂಡರು.

ಫಲಿತಾಂಶ ಬಂತು. ಖಾಲಿ ಇದ್ದ ಸೀಟು ಚಿರಂತನಿಗೆ ಸಿಗಲಿಲ್ಲ. ಸಿಂಚನಳಿಗೂ ಸಿಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ದೇವೀರಿ ಅನ್ನುವ ಹುಡುಗಿಗೆ ಸಿಕ್ಕಿತು. ಅವಳ ಅಪ್ಪ ಅಮ್ಮ ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರು. ಮೇಲ್ಮನವಿ ಅಂತ ಒಂದು ಇರುತ್ತದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಮಗಳಿಗೆ ಅಷ್ಟೇ ಬರೋದು ಅಂದುಕೊಂಡು ಸುಮ್ಮನಾಗಿದ್ದರು.

ಜಲಜಾಕ್ಷಿ ಬೇಕರಿಯ ಒಳಕೋಣೆಗೆ ಹೋಗಿ, ಮೈದಾ ಮೂಟೆಯ ಮೇಲೆ ಕೂತು ಅತ್ತಳು. ಅಳಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಒಪ್ಪಿ ಸಹಿ ಮಾಡಿದ್ದರೆ ಮಗ ಈಗ ಆ ತರಗತಿಯಲ್ಲಿರುತ್ತಿದ್ದ ಅನ್ನುವುದು ಅವಳಿಗೆ ಚುಚ್ಚುತ್ತಿತ್ತು. ಯೋಗಾನಂದ ಬಾಗಿಲಿಗೆ ಬಂದು ಏನೋ ಹೇಳಲು ಹೊರಟವನು, ಅವಳನ್ನು ನೋಡಿ ಸುಮ್ಮನೆ ಒಂದು ಲೋಟ ಟೀ ಇಟ್ಟು ಹೋದ.

ಚಿರಂತ ಬಂದು ಪಕ್ಕದಲ್ಲಿ ಕೂತ.

“ಅಮ್ಮ, ಈ ಸಲ ಪೂರ್ತಿ ಕೇಳಿಸ್ತು.”

“ಮತ್ತೆ ಏನಾಯ್ತೋ?”

“ಕೊನೇ ಎರಡು ಲೆಕ್ಕ ಬರಲಿಲ್ಲ. ಕಷ್ಟ ಇತ್ತು. ದೇವೀರಿ ಹೇಗೆ ಮಾಡಿದಳು ಅಂತ ಕೇಳಿದೆ. ಹೇಳಿಕೊಟ್ಟಳು. ಒಂದು ಅರ್ಥ ಆಯ್ತು. ಇನ್ನೊಂದು ನಾಳೆ ಹೇಳ್ತಾಳಂತೆ. ಮುಂದಿನ ವರ್ಷಾನೂ ಪರೀಕ್ಷೆ ಇರುತ್ತೆ ಅಲ್ವಾ?”

“ಇರುತ್ತೆ.”

ಮೊದಲ ಸಲ ಅವನ ಮುಖದಲ್ಲಿ ಮೋಸಹೋದ ಮಗುವಿನ ಕಳೆ ಇತ್ತು. ಈಗ ಇದ್ದದ್ದು ಸೋತ ಮಗುವಿನ ಮುಖ, ಅಷ್ಟೆ. ಸೋತ ಮಗು ಮತ್ತೆ ಆಡಲು ಎದ್ದು ಬರುತ್ತದೆ. ಜಲಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಂಗಡಿಗೆ ಬಂದಳು.

ಸಂಜೆ ಗಿರಿಯಪ್ಪ ಬಂದರು. ಜೊತೆಗೆ ಸಿಂಚನ. ಬಂದವಳೇ ಚಿರಂತನ ಹತ್ತಿರ ಕೂತು, ಆ ಕೊನೆಯ ಲೆಕ್ಕ ಹಾಗಲ್ಲ, ಹೀಗೆ ಅಂತ ವಾದಕ್ಕೆ ಇಳಿದಳು. ಅವನೂ ಬಿಡಲಿಲ್ಲ. ಇಬ್ಬರ ಗಲಾಟೆಗೆ ಗಿರಾಕಿಗಳು ತಿರುಗಿ ನೋಡಿದರು.

“ಸ್ವಲ್ಪ ಮೆತ್ತಗೆ ಮಾತಾಡ್ರಪ್ಪ,” ಅಂದಳು ಜಲಜಾಕ್ಷಿ.

“ಬೇಡ ಕಣಮ್ಮ,” ಅಂದರು ಗಿರಿಯಪ್ಪ. ಅವರ ಕಣ್ಣು ತುಂಬಿತ್ತು. “ಮಾತಾಡ್ಲಿ ಬಿಡು.”

ಈ ಕಥೆಯಿಂದ ಕಲಿಯಬೇಕಾದ ನೀತಿ ಇಷ್ಟು: ಎಲ್ಲರಿಗೂ ಆದ ಅನ್ಯಾಯವನ್ನು ನಮ್ಮ ಮಗುವಿಗೆ ಮಾತ್ರ ಸರಿಮಾಡಿಕೊಂಡರೆ ಅದು ನ್ಯಾಯವಲ್ಲ, ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಕ್ಕ ಕೂಲಿ. ನ್ಯಾಯ ಕೇಳುವಾಗ ಕೇಳಲು ಬಾರದವರಿಗೂ ಸೇರಿಸಿ ಕೇಳಬೇಕು. ಅದರಿಂದ ನಮಗೆ ಗೆಲುವು ಸಿಗದೆಯೂ ಇರಬಹುದು. ಆದರೆ ನಿಜ ಹೇಳಿದ ಯಾವ ಮಗುವೂ ನಮ್ಮ ಮೌನದಿಂದ ಸುಳ್ಳುಗಾರ ಅನ್ನಿಸಿಕೊಳ್ಳುವುದಿಲ್ಲ.